ಇಲಾಖಾ ವಿಚಾರಣೆಯ ಪಾಠ ಹೇಳಲು ಯಾರನ್ನು ಕರೆಯಬೇಕು?

ಕೇಳಿದವರು: ಪ್ರಥಮ ದರ್ಜೆ ಸಹಾಯಕ, ತೀರ್ಥಹಳ್ಳಿ

ನಾವು ಕೆಲವು ನೌಕರರು ಸೇರಿ ಶಿವಮೊಗ್ಗದಲ್ಲಿ ಒಂದು ದಿನದ ಕಾರ್ಯಾಗಾರ ನಡೆಸಬೇಕೆಂದಿದ್ದೇವೆ. 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ ಅಡಿಯಲ್ಲಿ ನೌಕರರ ಮೇಲಿನ ಆರೋಪಗಳ ಇಲಾಖಾ ವಿಚಾರಣೆ ಹೇಗೆ ನಡೆಯುತ್ತದೆ ಎಂಬುದು ವಿಷಯ. ನಿವೃತ್ತ ಜಿಲ್ಲಾ ನ್ಯಾಯಾಧೀಶರು, ನಿವೃತ್ತ ತಹಶೀಲ್ದಾರರು ಮತ್ತು ಸೇವಾ ಪ್ರಕರಣ ನಡೆಸುವ ವಕೀಲರು ಹೀಗೆ ಮೂವರ ಹೆಸರು ಬಂದಿದೆ. ಒಬ್ಬರಿಗೆ ಮಾತ್ರ ಸಂಭಾವನೆ ಕೊಡುವ ಶಕ್ತಿ ನಮಗಿದೆ. ಯಾವ ಹಿನ್ನೆಲೆಯವರಿಂದ ನಿಜವಾಗಿ ಉಪಯೋಗವಾದೀತು?

ಉತ್ತರ: ನಿವೃತ್ತ ಶಿರಸ್ತೇದಾರ, ಸಾಗರ

ಕಂದಾಯ ಇಲಾಖೆಯ 36 ವರ್ಷಗಳ ಸೇವೆಯಲ್ಲಿ ಐದಾರು ವಿಚಾರಣೆಗಳಲ್ಲಿ ಇಲಾಖೆಯ ಪರ ಆರೋಪ ಮಂಡಿಸುವ ಮಂಡನಾಧಿಕಾರಿಯಾಗಿಯೂ ಅದಕ್ಕಿಂತ ಹೆಚ್ಚು ವಿಚಾರಣೆಗಳಲ್ಲಿ ಆಪಾದಿತ ನೌಕರರ ಸಹಾಯಕನಾಗಿಯೂ ಕುಳಿತವನಾದ್ದರಿಂದ, ನಿಮ್ಮ ಮೂರೂ ಹೆಸರುಗಳ ಬಗೆಗೆ ಹೇಳುವುದಿದೆ.

ನ್ಯಾಯಾಧೀಶರಿಂದ ಆರಂಭಿಸುತ್ತೇನೆ. ಒಂದು ಆಷಾಢದಲ್ಲಿ ಘಟ್ಟದಂಚಿನ ಕಚೇರಿಯೊಂದರ ದಾಖಲೆ ಕೊಠಡಿಯಲ್ಲಿ ವಿಚಾರಣೆ ನಡೆಯುತ್ತಿತ್ತು. ಕರೆಂಟು ಹೋಗಿ ಎರಡು ದಿನವಾಗಿತ್ತು, ಬೂಷ್ಟು ಹಿಡಿದ ಕಡತಗಳನ್ನು ಕಿಟಕಿಯ ಬೆಳಕಿನಲ್ಲಿ ಓದಬೇಕಾಗಿತ್ತು. ನಗದು ಪುಸ್ತಕವನ್ನು ತಿದ್ದಿದ್ದಾರೆ ಎಂಬುದು ಆರೋಪ. ಮಂಡನಾಧಿಕಾರಿ ಪುಸ್ತಕವನ್ನು ಮೇಜಿನ ಮೇಲಿಟ್ಟು, ಇದನ್ನು ನಿಶಾನೆ ಪಿ-3 (ಸಾಕ್ಷ್ಯದ ದಾಖಲೆ) ಎಂದು ಗುರುತಿಸಿಕೊಳ್ಳಬೇಕೆಂದು ಕೋರಿದರು. ವಿಚಾರಣಾಧಿಕಾರಿಯಾಗಿದ್ದ ನಿವೃತ್ತ ನ್ಯಾಯಾಧೀಶರು ಕನ್ನಡಕ ತೆಗೆದು, ‘ಯಾರ ಮೂಲಕ?’ ಎಂದು ಕೇಳಿದರು. ಪುಸ್ತಕ ಬರೆದ ಗುಮಾಸ್ತರ ಹೆಸರು ಸಾಕ್ಷಿಪಟ್ಟಿಯಲ್ಲೇ ಇರಲಿಲ್ಲ. ದಾಖಲೆಯನ್ನು ಹಾಜರುಪಡಿಸಿದ ಮಾತ್ರಕ್ಕೆ ಅದರಲ್ಲಿರುವುದು ಸಾಬೀತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು ರೂಪ್ ಸಿಂಗ್ ನೇಗಿ ಪ್ರಕರಣದಲ್ಲಿ 2008ರಲ್ಲಿ ಹೇಳಿರುವುದನ್ನು ನಮ್ಮವರು ಎಷ್ಟೋ ಸಲ ಓದಿರಬಹುದು. ಆದರೆ ಆ ಎರಡು ಪದಗಳ ಪ್ರಶ್ನೆಯಿಂದ ಆದಷ್ಟು ಮನವರಿಕೆ ಓದಿನಿಂದ ನನಗಂತೂ ಆಗಿರಲಿಲ್ಲ.

ಅದೇ ನ್ಯಾಯಾಧೀಶರಿಗೆ ಟಪಾಲು ವಹಿ ಹೇಗೆ ಮೇಜಿನಿಂದ ಮೇಜಿಗೆ ಹೋಗುತ್ತದೆ, ಚಿಕ್ಕ ರುಜು ಹಾಕಿದವನ ಹೊಣೆ ಎಷ್ಟು, ಪೂರ್ಣ ರುಜು ಹಾಕಿದವನ ಹೊಣೆ ಎಷ್ಟು ಎಂಬುದನ್ನು ತಿಳಿಸಲು ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಕೊನೆಗೆ ಅವರು ವರದಿಯಲ್ಲಿ ‘ಆರೋಪವು ಸಂಶಯಾತೀತವಾಗಿ ಸಾಬೀತಾಗಿಲ್ಲ’ ಎಂದು ಬರೆದರು. ಅದು ಕ್ರಿಮಿನಲ್ ನ್ಯಾಯಾಲಯದ ಅಳತೆಗೋಲು. ಇಲಾಖಾ ವಿಚಾರಣೆಗೆ ಸಂಭವನೀಯತೆ ಯಾವ ಕಡೆಗೆ ಹೆಚ್ಚು ವಾಲುತ್ತದೆ ಎಂಬುದಷ್ಟೇ ಸಾಕು. ಶಿಕ್ಷೆ ವಿಧಿಸುವ ಅಧಿಕಾರವಿರುವ ಶಿಸ್ತು ಪ್ರಾಧಿಕಾರ ವರದಿಯನ್ನು ಒಪ್ಪಲಿಲ್ಲ. ಹಾಗೆ ಒಪ್ಪದಿದ್ದಾಗ ಕಾರಣಗಳನ್ನು ತಿಳಿಸಿ ನೌಕರನ ಮಾತು ಕೇಳಬೇಕೆಂದು ಕುಂಜ್ ಬಿಹಾರಿ ಮಿಶ್ರಾ ಪ್ರಕರಣದ 1998ರ ತೀರ್ಪಿನಲ್ಲಿದೆ. ಆ ನೋಟೀಸು, ಉತ್ತರ, ಮರುಪರಿಶೀಲನೆ ಎಂದು ಆ ಬಡಪಾಯಿಯ ಮುಂಬಡ್ತಿ ಇನ್ನೂ ಎರಡು ವರ್ಷ ನಿಂತಿತು. ಖುಲಾಸೆಯ ಮಾತೇ ಅವನಿಗೆ ಮುಳುವಾಯಿತು.

ನಿವೃತ್ತ ತಹಶೀಲ್ದಾರರಿಗೆ ಕಡತ ಅಂಗೈ ಮೇಲಿನ ನೆಲ್ಲಿಕಾಯಿ. ಅವರ ತೊಂದರೆ ಬೇರೆ: ವಿಚಾರಣಾಧಿಕಾರಿಯ ಕುರ್ಚಿಯಲ್ಲಿ ಕುಳಿತ ಮೇಲೂ ತಾವು ಇಲಾಖೆಯ ಮನುಷ್ಯರೆಂಬ ಭಾವ ಹೋಗುವುದಿಲ್ಲ, ಮಂಡನಾಧಿಕಾರಿ ತಡವರಿಸಿದರೆ ಸಾಕ್ಷಿಗೆ ತಾವೇ ಪ್ರಶ್ನೆ ಹಾಕಿ ಉತ್ತರವನ್ನೂ ಬಾಯಿಗಿಡುತ್ತಾರೆ. ವಿಚಾರಣಾಧಿಕಾರಿ ಸ್ವತಂತ್ರವಾಗಿ ತೀರ್ಮಾನಿಸಬೇಕಾದವನು, ಇಲಾಖೆಯ ಪ್ರತಿನಿಧಿಯಲ್ಲ ಎಂದು ಸರೋಜ್ ಕುಮಾರ್ ಸಿನ್ಹಾ ಪ್ರಕರಣದಲ್ಲಿ 2010ರಲ್ಲಿ ಸ್ಪಷ್ಟವಾಗಿಯೇ ಹೇಳಲಾಗಿದೆ.

ಇನ್ನು ವಕೀಲರು. ಮಂಡನಾಧಿಕಾರಿ ಸ್ವತಃ ವಕೀಲರಾಗಿದ್ದರೆ ಅಥವಾ ಶಿಸ್ತು ಪ್ರಾಧಿಕಾರ ಅನುಮತಿ ಕೊಟ್ಟರೆ ಮಾತ್ರ ನೌಕರನ ಪರ ವಕೀಲರು ವಿಚಾರಣೆಗೆ ಬರಬಹುದು. ಹೀಗಾಗಿ ಸೇವಾ ಪ್ರಕರಣಗಳಲ್ಲಿ ಹೆಸರು ಮಾಡಿದ ಅನೇಕರು ವಿಚಾರಣೆಯ ಕೊಠಡಿಯನ್ನೇ ನೋಡಿರುವುದಿಲ್ಲ. ಎಲ್ಲ ಮುಗಿದ ಮೇಲೆ, 1986ರಿಂದ ಇರುವ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ ಮುಂದೆ ಕಾಗದ ಹಿಡಿದು ವಾದಿಸುತ್ತಾರೆ. ಎಲ್ಲಿ ತಪ್ಪಾಯಿತು ಎಂದು ಅವರು ಚೆನ್ನಾಗಿ ಹೇಳಬಲ್ಲರು. ತಪ್ಪಾಗುವ ಹೊತ್ತಿನಲ್ಲಿ ಏನು ಮಾಡಬೇಕಿತ್ತು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ.

ಆದ್ದರಿಂದ ಹುದ್ದೆಯನ್ನು ಕೇಳುವ ಬದಲು, ವಿಚಾರಣೆಯ ಮೇಜಿನ ಯಾವ ಯಾವ ಬದಿಯಲ್ಲಿ ಕುಳಿತಿದ್ದೀರಿ ಎಂದು ಕೇಳಿ. ಎರಡು ಬದಿಗಳಲ್ಲಿ ಕುಳಿತವರು ಸಿಕ್ಕರೆ ಬಿಡಬೇಡಿ, ಅವರು ಬರೀ ಮೇಲ್ವಿಚಾರಕರಾಗಿ ನಿವೃತ್ತರಾದವರಾಗಿದ್ದರೂ ಸರಿಯೇ.

ಉತ್ತರ: ನಿವೃತ್ತ ಬಸ್ ನಿರ್ವಾಹಕ, ಶಿವಮೊಗ್ಗ

ನಮ್ಮದು ಸಾರಿಗೆ ನಿಗಮ, ನಿಮ್ಮದು ಸರ್ಕಾರಿ ಸೇವೆ. ಎರಡನ್ನೂ ಒಂದೇ ಎಂದುಕೊಂಡು ಪಾಠ ಹೇಳುವವರನ್ನು ಕರೆಯಬೇಡಿ. ನನ್ನ ಪ್ರಕರಣ ಕಾರ್ಮಿಕ ನ್ಯಾಯಾಲಯಕ್ಕೆ ಹೋದಾಗ, ಕೈಗಾರಿಕಾ ವಿವಾದಗಳ ಕಾಯ್ದೆಗೆ 1971ರಲ್ಲಿ ಸೇರಿಸಿದ 11-ಎ ಕಲಮಿನ ಬಲದಿಂದ ಅಲ್ಲಿನ ಅಧಿಕಾರಿ ಶಿಕ್ಷೆಯನ್ನೇ ಕಡಿಮೆ ಮಾಡಿದರು. ಅಂಥ ಅಧಿಕಾರ ನಿಮ್ಮ ನ್ಯಾಯಮಂಡಳಿಗಿಲ್ಲ. ಶಿಕ್ಷೆ ತೀರಾ ಅತಿಯಾಗಿದ್ದರೆ ಹೊರತು ಅದರಲ್ಲಿ ಕೈಹಾಕುವುದಿಲ್ಲ. ನಮ್ಮ ಸಂಘಕ್ಕೆ ಬಂದಿದ್ದ ತರಬೇತುದಾರರೊಬ್ಬರು, ಟಿಕೆಟ್ ಕೊಡಲಿಲ್ಲವೆಂಬ ಆರೋಪದಲ್ಲಿ ಪ್ರಯಾಣಿಕರನ್ನು ಸಾಕ್ಷಿಯಾಗಿ ಕರೆಸದಿದ್ದರೆ ಪ್ರಕರಣ ಬಿದ್ದುಹೋಗುತ್ತದೆ ಎಂದು ನಂಬಿಸಿದ್ದರು. ಹರಿಯಾಣದ ನಿರ್ವಾಹಕ ರತ್ತನ್ ಸಿಂಗ್ ಅವರ ಪ್ರಕರಣದಲ್ಲಿ 1977ರಲ್ಲೇ ಸುಪ್ರೀಂ ಕೋರ್ಟು ಅದು ಅಗತ್ಯವಿಲ್ಲ ಎಂದಿತ್ತು. ತರಬೇತುದಾರರ ಮಾತು ನಂಬಿ ನಾನು ತನಿಖಾ ತಂಡದವರಿಗೆ ಪಾಟೀ ಸವಾಲನ್ನೇ ಸರಿಯಾಗಿ ಹಾಕಲಿಲ್ಲ.

ಉತ್ತರ: ಅಂಚೆ ಇಲಾಖೆ ನೌಕರ, ಕೊಪ್ಪ

ಮಧ್ಯಸ್ಥಿಕೆಯ ವಿಷಯವನ್ನೂ ಸೇರಿಸುವುದಾದರೆ ಒಂದು ಮಾತು. ಕೇಂದ್ರ ನೌಕರರಿಗೆ 1966ರಿಂದ ಜಂಟಿ ಸಮಾಲೋಚನಾ ವ್ಯವಸ್ಥೆ (ಸರ್ಕಾರ ಮತ್ತು ನೌಕರರ ಪ್ರತಿನಿಧಿಗಳು ಕೂಡಿ ಚರ್ಚಿಸುವ ಏರ್ಪಾಟು) ಇದೆ. ಅದರ ಮಧ್ಯಸ್ಥಿಕೆ ಮಂಡಳಿಯಲ್ಲಿ ಸರ್ಕಾರದ ಕಡೆಯಿಂದ ಒಬ್ಬರು, ನೌಕರರ ಕಡೆಯಿಂದ ಒಬ್ಬರು, ಸ್ವತಂತ್ರ ಅಧ್ಯಕ್ಷರೊಬ್ಬರು ಇರುತ್ತಾರೆ. ವೇತನ ಮತ್ತು ಭತ್ಯೆ, ವಾರದ ಕೆಲಸದ ಅವಧಿ, ರಜೆ ಈ ಮೂರೇ ವಿಷಯ ಅಲ್ಲಿಗೆ ಹೋಗುತ್ತವೆ, ಅದೂ ಒಂದು ವರ್ಗದ ನೌಕರರಿಗೆಲ್ಲ ಅನ್ವಯಿಸುವಂತೆ. ಒಬ್ಬನ ಶಿಸ್ತು ಪ್ರಕರಣ ಹೋಗುವುದಿಲ್ಲ. ಮಧ್ಯಸ್ಥಿಕೆಯ ಪರಿಣತರೆಂದು ಹೇಳಿಕೊಂಡು ಬರುವವರಿಂದ ನಿಮ್ಮ ಕಾರ್ಯಾಗಾರಕ್ಕೆ ಏನೂ ದೊರೆಯದು.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮೇಜಿನ ಯಾವ ಬದಿ ಎಂಬ ಪ್ರಶ್ನೆಯನ್ನು ಮೂವರಿಗೂ ದೂರವಾಣಿಯಲ್ಲಿ ಕೇಳಿದೆವು. ತಹಶೀಲ್ದಾರರು ಮಂಡನಾಧಿಕಾರಿಯೂ ವಿಚಾರಣಾಧಿಕಾರಿಯೂ ಆಗಿದ್ದವರು. ಅದಕ್ಕಿಂತ ಹೆಚ್ಚಾಗಿ, ಒಮ್ಮೆ ತಾವೇ ಆಪಾದಿತರಾಗಿ ಒಂದು ವಾರ್ಷಿಕ ವೇತನ ಬಡ್ತಿ ಕಳೆದುಕೊಂಡಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಅವರನ್ನೇ ನಿಗದಿ ಮಾಡಿದ್ದೇವೆ. ಮುಗಿದ ಪ್ರಕರಣವೊಂದರ ಕಡತವನ್ನು ಹೆಸರುಗಳನ್ನು ಅಳಿಸಿ ತರಲು ಒಪ್ಪಿದ್ದಾರೆ. ಸಾಗರದ ಹಿರಿಯರು ಸಹಾಯಕರ ಬದಿಯಲ್ಲಿ ಕುಳಿತು ಪಾಟೀ ಸವಾಲು ಹಾಕಿ ತೋರಿಸುವುದಾದರೆ ಬಸ್ಸಿನ ಖರ್ಚು ಮತ್ತು ಮಧ್ಯಾಹ್ನದ ಊಟ ನಮ್ಮದು.