ಇಲಿ ವಿಷದ ಬೋರ್ಡಿಗೆ ಪದ ಬೇಕು, ಇವತ್ತೇ

ಹುಬ್ಬಳ್ಳಿಯಿಂದ:

ಎಲ್ಲರಿಗೂ ನಮಸ್ಕಾರ. ಅಮರಗೋಳದ ಎಪಿಎಂಸಿಯಲ್ಲಿ ಪರಿಚಯದವರ ಕಾಳಿನ ಗೋದಾಮಿಗೆ ಎಚ್ಚರಿಕೆ ಬೋರ್ಡು ಬರೆದುಕೊಡಬೇಕು. ಸಂಜೆ ಪೇಂಟರ್ ಬರುತ್ತಾರೆ. ಇಟ್ಟಿರುವ ವಿಷ ಮೂರು ಥರ: ಬ್ರೋಮಾಡಿಯೋಲೋನ್ ಕೇಕು, ಜಿಂಕ್ ಫಾಸ್ಫೈಡ್ ಕಲಸಿದ ನುಚ್ಚು, ಹೊರಗಿನ ಬಿಲಗಳಿಗೆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ. ಇಂಗ್ಲಿಷ್ ಪಟ್ಟಿಯಲ್ಲಿ ಕ್ರಮವಾಗಿ ಆಂಟಿಕೋಆಗ್ಯುಲೆಂಟ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವುದು), ಅಕ್ಯೂಟ್ (ಬೇಗ ಕೊಲ್ಲುವುದು), ಫ್ಯೂಮಿಗೆಂಟ್ (ಅನಿಲವಾಗಿ ಕೊಲ್ಲುವುದು) ಅಂತಿದೆ. ಮೂರಕ್ಕೂ ಸೇರಿ ‘ಇಲಿ ಪಾಷಾಣ’ ಅಂದರೆ ಸಾಕಾ? ಹಮಾಲರಿಗೂ ಅರ್ಥ ಆಗಬೇಕು.

ಧಾರವಾಡದಿಂದ:

ಸಾಲದು. ಪಾಷಾಣ ಅಂದರೆ ಸಂಸ್ಕೃತದಲ್ಲಿ ಕಲ್ಲು. ಶಂಖಪಾಷಾಣ, ಅಂದರೆ ಆರ್ಸೆನಿಕ್, ಇಲಿಗೆ ಇಡುತ್ತಿದ್ದ ಕಾಲದಲ್ಲಿ ಆ ಹೆಸರು ಒಪ್ಪುತ್ತಿತ್ತು. ಈಗಿನ ಕೇಕಿನಲ್ಲಿ ಯಾವ ಕಲ್ಲಿದೆ? ‘ಹೆಪ್ಪುತಡೆ ನಂಜು’, ‘ಕಡುನಂಜು’, ‘ಹೊಗೆನಂಜು’ ಎಂದು ಬರೆಯಿರಿ. ಜಿಂಕ್ ಫಾಸ್ಫೈಡಿಗೆ ‘ಸತುವಿನ ರಂಜಕ’; ಸತು ಅಂದರೆ ಜಿಂಕ್, ರಂಜಕ ಅಂದರೆ ಫಾಸ್ಫರಸ್. ಕನ್ನಡದಲ್ಲೇ ಪದ ಇರುವಾಗ ಸಾಲ ಯಾಕೆ?

ಹಾವೇರಿಯಿಂದ:

ನಾನು ಇಲಿ ಹಿಡಿಯುವ, ಕೊಲ್ಲುವ ಕೆಲಸವನ್ನೇ ಮಾಡುವವನು. ‘ಸತುವಿನ ರಂಜಕ’ ಮಾತ್ರ ಬೇಡ ಸರ್. ರಂಜಕದ ಇಲಿ ವಿಷ ಬೇರೆಯೇ ಇದೆ, ಟ್ಯೂಬಿನಲ್ಲಿ ಬರುವ ಪೇಸ್ಟು. ಅದರಲ್ಲಿರುವುದು ಹಳದಿ ರಂಜಕ. ತಿಂದ ಮನುಷ್ಯ ಒಂದೆರಡು ದಿನ ಆರಾಮಾಗೇ ಕಾಣಬಹುದು, ಆಮೇಲೆ ಲಿವರ್ ಕೈಕೊಡುತ್ತದೆ.

ಜಿಂಕ್ ಫಾಸ್ಫೈಡ್ ಹಾಗಲ್ಲ. ಬೂದುಗಪ್ಪು ಪುಡಿ, ಮೂಗಿಗೆ ಬೆಳ್ಳುಳ್ಳಿ ಥರ ಹೊಡೆಯುತ್ತದೆ. ಹೊಟ್ಟೆಯ ಆಮ್ಲ ತಾಗಿದ ಕೂಡಲೇ ಫಾಸ್ಫೀನ್ ಎಂಬ ವಿಷ ಅನಿಲ ಏಳುತ್ತದೆ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಆದರೆ ಚೂರು ತಿಂದು ಬದುಕಿದ ಇಲಿ ಮತ್ತೆ ಆ ನುಚ್ಚಿನ ಹತ್ತಿರ ಸುಳಿಯುವುದಿಲ್ಲ. ಅದಕ್ಕೇ ಮೊದಲು 2–3 ದಿನ ಬರೀ ನುಚ್ಚು ಇಟ್ಟು ರೂಢಿ ಮಾಡಿಸುತ್ತೇವೆ.

ಕೇಕಿನದು ನಿಧಾನದ ಕೆಲಸ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ಲಿವರ್ ತಯಾರಿಸುವುದು ವಿಟಮಿನ್ ಕೆ ಬಲದಿಂದ. ಒಮ್ಮೆ ಬಳಸಿದ ವಿಟಮಿನ್ ಕೆ ಮತ್ತೆ ಕೆಲಸಕ್ಕೆ ಬರದ ಹಾಗೆ ಈ ವಿಷ ತಡೆಯುತ್ತದೆ. ಮೊದಲೇ ರಕ್ತದಲ್ಲಿದ್ದ ಅಂಶ ಖಾಲಿಯಾಗುವವರೆಗೆ ಇಲಿ ಓಡಾಡಿಕೊಂಡೇ ಇರುತ್ತದೆ. ಆಮೇಲೆ ಒಳಗೇ ರಕ್ತ ಸೋರಿ ಸಾಯುತ್ತದೆ. ತಿಂದದ್ದಕ್ಕೂ ಸಾವಿಗೂ ದಿನಗಳ ಅಂತರ ಇರುವುದರಿಂದ ಉಳಿದ ಇಲಿಗಳಿಗೆ ಅನುಮಾನ ಬರುವುದಿಲ್ಲ. 1948ರಲ್ಲಿ ಇಲಿ ವಿಷವಾಗಿ ಬಂದ ವಾರ್ಫರಿನ್ ಇದೇ ಜಾತಿಯದು, ಆದರೆ ಅದನ್ನು ದಿನಾ ತಿನ್ನಿಸಬೇಕಿತ್ತು. 1958ರಲ್ಲಿ ಸ್ಕಾಟ್ಲೆಂಡಿನಲ್ಲಿ ಅದಕ್ಕೂ ಬಗ್ಗದ ಇಲಿಗಳು ಕಂಡವು. ಬ್ರೋಮಾಡಿಯೋಲೋನ್ ಆಮೇಲಿನದು, ಕೇಕಿನಲ್ಲಿ ಅದು ಇರುವುದೇ 0.005 ಶೇಕಡಾ. ಇಷ್ಟಿದ್ದರೂ ಒಂದು ಸಲ ಹೊಟ್ಟೆ ತುಂಬ ತಿಂದರೆ ಸಾಕಾಗಬಹುದು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಕೇಕು ತಿಂದವರಿಗೆ ವಿಟಮಿನ್ ಕೆ1 ಇದೆ. ಫಾಸ್ಫೈಡಿಗೆ ಮದ್ದೇ ಇಲ್ಲ, ಆಸ್ಪತ್ರೆಯಲ್ಲಿ ಜೀವ ಹಿಡಿದಿಡುವ ಉಪಚಾರ ಅಷ್ಟೇ. ಹಮಾಲರ ಹುಡುಗ ಏನೋ ಬಾಯಿಗೆ ಹಾಕಿಕೊಂಡ ಅನ್ನಿ. ಕರೆದುಕೊಂಡು ಹೋದವರು ‘ಪಾಷಾಣ ತಿಂದಾನ್ರೀ’ ಅಂದರೆ, ಇಲ್ಲಾ ‘ಕಡುನಂಜು’ ಅಂದರೆ, ಡಾಕ್ಟರಿಗೆ ಏನು ತಿಳಿಯಬೇಕು? ಪ್ಯಾಕೆಟ್ಟಿನ ಮೇಲಿನ ಹೆಸರನ್ನೇ ಕನ್ನಡ ಅಕ್ಷರದಲ್ಲಿ ಬರೆಯಿರಿ.

‘ಹೊಗೆನಂಜು’ ಕೂಡ ತಪ್ಪು. ಬಿಲಕ್ಕೆ ಹುಲ್ಲಿನ ಹೊಗೆ ಊದುವುದು ಬೇರೆ. ಗುಳಿಗೆಗೆ ಬೆಂಕಿ ಬೇಡ, ಹೊಗೆ ಕಾಣುವುದೂ ಇಲ್ಲ. ಮಣ್ಣಿನ ತೇವ ಸಾಕು, ಅದೇ ಫಾಸ್ಫೀನ್ ಹೊರಡುತ್ತದೆ. ಗೋದಾಮಿನವರು ಅದನ್ನು ತಾವೇ ಮುಟ್ಟಬಾರದು, ತರಬೇತಿ ಆದವರೇ ಇಡಬೇಕು ಅಂತಲೂ ಹೇಳಿಬಿಡಿ.

ಧಾರವಾಡದಿಂದ:

ಸರಿ, ನಾಳೆ ನೀರಿಗೂ ವಾಟರ್ ಅಂತ ಬರೆಯೋಣ.

ಗದಗಿನಿಂದ:

ಸಾಲ ಬೇಡ ಅಂದವರ ‘ರಂಜಕ’ವೇ ಸಂಸ್ಕೃತದ ಸಾಲ ಅಲ್ವಾ? ಅಚ್ಚಗನ್ನಡವೇ ಬೇಕಿದ್ದರೆ ನಮ್ಮ ರೈತರ ಹತ್ತಿರ ಒಂದಿದೆ, ‘ಎಣ್ಣಿ’. ಎಳ್ಳು ಮತ್ತು ನೆಯ್ ಸೇರಿ ಆದ ಮಾತು. ಹೊಲಕ್ಕೆ ಎಣ್ಣಿ ಹೊಡಿಯಾಕ ಹೋಗ್ಯಾನ ಅಂದರೆ ಕೀಟನಾಶಕ ಅಂತ ಎಲ್ಲರಿಗೂ ಗೊತ್ತು. ಬೋರ್ಡಿಗೆ ಅದನ್ನೇ ಹಾಕಿದರೆ ಯಾರೋ ಒಗ್ಗರಣೆಗೆ ಒಯ್ದಾರು! ‘ಇಲಿ ಔಷಧ’ ಅಂತ ಅಂಗಡಿಯಲ್ಲಿ ಕೇಳುತ್ತೇವಲ್ಲ, ಅದು ಇನ್ನೂ ಕೆಟ್ಟದ್ದು. ನನ್ನ ಮತ ‘ವಿಷ’ಕ್ಕೆ. ‘ನಂಜು’ ಅಂದರೆ ಗಾಯ ನಂಜಾದ ಹಾಗೆ ಕೇಳುತ್ತದೆ.

ಧಾರವಾಡದಿಂದ:

ನಂಜುಂಡ ಉಂಡದ್ದು ಗಾಯವನ್ನೋ?

ಹುಬ್ಬಳ್ಳಿಯಿಂದ:

ಪೇಂಟರ್ ಬಂದು ಕೂತಿದ್ದಾರೆ. ಹೀಗೆ ಬರೆಸುತ್ತಿದ್ದೇನೆ: ‘ಇಲಿ ವಿಷ ಇದೆ, ಮುಟ್ಟಬೇಡಿ. ಕೇಕು: ಬ್ರೋಮಾಡಿಯೋಲೋನ್, ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ನುಚ್ಚು: ಜಿಂಕ್ ಫಾಸ್ಫೈಡ್. ಬಿಲದ ಗುಳಿಗೆ: ಅಲ್ಯೂಮಿನಿಯಂ ಫಾಸ್ಫೈಡ್, ವಿಷ ಅನಿಲ ಬರುತ್ತದೆ. ಬಾಯಿಗೆ ಹೋದರೆ, ಅನಿಲ ಕುಡಿದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಈ ಹೆಸರು ಹೇಳಿ.’

ಧಾರವಾಡದಿಂದ:

‘ಫಾಸ್ಫೈಡ್’ನಲ್ಲಿ ಸಕಾರಕ್ಕೆ ಫ ಒತ್ತು. ಪೇಂಟರ್ ಪ ಒತ್ತು ಕೊಟ್ಟಾರು, ಪಕ್ಕದಲ್ಲೇ ನಿಂತು ಬರೆಸಿ.