ಕೊಲಂಬೊದಿಂದ ಗಾಲೆಗೆ ಕಡಲಂಚಿನ ರೈಲು, ಕಡಿಮೆ ಖರ್ಚಲ್ಲಿ ಹೆಂಗೆ?

ಪ್ರಶ್ನೆ (ದಾವಣಗೆರೆ): ಜನವರಿಗೆ ಇಬ್ರು ಶ್ರೀಲಂಕಾಕ್ಕೆ ಹೊರಟೀವಿ, ಸಸ್ಯಾಹಾರಿಗಳು. ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಇಲ್ಲದೆ ಗಾಲೆಗೆ ಹೋಗೋದು ಹೆಂಗ್ರೀ?

ಚಿತ್ರದುರ್ಗದಿಂದ: 187 ನಂಬರ್ ಬಸ್ಸಲ್ಲಿ ಕೊಲಂಬೊ ಫೋರ್ಟ್‌ಗೆ ಬನ್ನಿ. ಅಲ್ಲಿನ ರೈಲು ನಿಲ್ದಾಣದ ಕೌಂಟರಲ್ಲಿ ಎರಡನೇ ದರ್ಜೆ ಟಿಕೆಟ್ ತಗೊಂಡು ಬಲಗಡೆ ಕಿಟಕಿ ಹಿಡೀರಿ, ಸಮುದ್ರ ಆ ಕಡೆಗೇ. ಟಿಕೆಟ್ ಬಿಸಾಡಬೇಡಿ, ಇಳಿದ ಮೇಲೆ ಗೇಟಲ್ಲಿ ಕೇಳ್ತಾರೆ. ಸಂಜೆ ಆಫೀಸ್ ಬಿಡೋ ಹೊತ್ತಿನ ಗಾಡಿ ಬೇಡವೇ ಬೇಡ, ಬ್ಯಾಗಿಡೋಕೂ ಜಾಗ ಇರಲ್ಲ.

ಹರಿಹರದಿಂದ: ಊಟದಲ್ಲಿ ಎಚ್ಚರ ಸರ್. ತೆಂಗಿನತುರಿಯ ಪೊಲ್ ಸಂಬೋಲ್ ನಮ್ಮ ಚಟ್ನಿ ಥರಾನೇ ಕಾಣ್ತದೆ, ಆದ್ರೆ ಅದಕ್ಕೆ ಒಣಗಿಸಿದ ಮಾಲ್ಡೀವ್ಸ್ ಮೀನು ಕುಟ್ಟಿ ಹಾಕ್ತಾರೆ. ಕೆಲವು ತರಕಾರಿ ಪಲ್ಯಕ್ಕೂ. ‘ಮೀನಿಲ್ಲದ್ದು’ ಅಂತ ಮೊದ್ಲೇ ಹೇಳಿ. ದಾರೀಲಿ ಕೇಸರಿ ಬಣ್ಣದ ತಂಬಿಲಿ ಎಳನೀರು ಸಿಕ್ರೆ ಮಾತ್ರ ಬಿಡಬೇಡಿ!

ಚಿತ್ರದುರ್ಗದಿಂದ: ಜನವರಿ ಸರಿಯಾದ ಕಾಲ. ಮೇಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮುಂಗಾರು, ಕಡಲು ಒರಟು.