ಪೌಡರ್ ಕೋಟ್ ಮಾಡಿದ ಕ್ಯಾಲಿಪರ್: ಮೇಲೆಲ್ಲ ಗುಳ್ಳೆ, ಎಡಗಡೆ ಚಕ್ರ ಬಿಸಿ

ಘಾಟಿರಸ್ತೆ:
ನಮಸ್ಕಾರ ಎಲ್ಲರಿಗೂ. ಊರು ತೀರ್ಥಹಳ್ಳಿ ಹತ್ತಿರ. ಹಳೇ ಹ್ಯಾಚ್‌ಬ್ಯಾಕ್ ಕಾರು, ಮುಂದೆ ಡಿಸ್ಕ್, ಹಿಂದೆ ಡ್ರಮ್. ನಮ್ಮ ಕಡೆ ಮಳೆ ಗೊತ್ತಲ್ಲ, ಮುಂದಿನ ಎರಡೂ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಬ್ರೇಕ್ ಭಾಗ) ತುಕ್ಕು ಹಿಡಿದು ಹಕ್ಕಳೆ ಏಳುತ್ತಿತ್ತು. ಬಿಚ್ಚಿ, ಪ್ಯಾಡ್ ತಳ್ಳುವ ಪಿಸ್ಟನ್, ಅದರ ರಬ್ಬರ್ ಸೀಲ್, ಕ್ಯಾಲಿಪರ್ ಜಾರುವ ಪಿನ್ ಎಲ್ಲ ತೆಗೆದು, ಶಿವಮೊಗ್ಗದಲ್ಲಿ ಸ್ಯಾಂಡ್ ಬ್ಲಾಸ್ಟ್ ಮಾಡಿಸಿಕೊಂಡು ಬಂದೆ. ಪೌಡರ್ (ಬಿಸಿಗೆ ಕರಗಿ ಅಂಟುವ ಬಣ್ಣದ ಪುಡಿ) ಮನೆಯಲ್ಲೇ ಹಾಕಿದೆ. ಗೆಳೆಯನ ಪೌಡರ್ ಗನ್, ಅಡುಗೆಗೆ ಬಳಸದ ಒಂದು ಹಳೇ ಓಟಿಜಿ (ಕರೆಂಟ್ ಓವನ್), 200 ಡಿಗ್ರಿಯಲ್ಲಿ 20 ನಿಮಿಷ. ಆಮೇಲೆ ಹೊಸ ಸೀಲ್ ಕಿಟ್ ಹಾಕಿ ಜೋಡಿಸಿ ಬ್ಲೀಡ್ ಮಾಡಿದ್ದೇನೆ (ಆಯಿಲ್ ಲೈನಿನ ಗಾಳಿ ತೆಗೆದಿದ್ದೇನೆ), ಪೆಡಲ್ ಗಟ್ಟಿಯಾಗಿದೆ.

ತೊಂದರೆ ಎರಡು. ಬಣ್ಣದ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ, ಕೆಲವು ಒಡೆದು ಸೂಜಿ ತೂತಿನ ಹಾಗೆ ಕಾಣುತ್ತದೆ. ಅದು ಹೋಗಲಿ ಅಂದರೆ, ಎಡಗಡೆ ಚಕ್ರ ಸ್ವಲ್ಪ ದೂರ ಓಡಿಸಿದರೂ ಕೈ ಇಡಲಾಗದಷ್ಟು ಬಿಸಿ, ಕಾರು ಸಣ್ಣಗೆ ಎಡಕ್ಕೆ ಎಳೆಯುತ್ತದೆ. ಬಲಗಡೆ ಸರಿ ಇದೆ. ಆಗುಂಬೆ ಕಡೆ ವಾರಕ್ಕೊಮ್ಮೆಯಾದರೂ ಹೋಗಬೇಕು. ಏನು ನೋಡಲಿ?

ಹಳೇಸ್ಪ್ಯಾನರ್:
ಮೊದಲು ಕಾರು ನಿಲ್ಲಿಸಿ ಮಾರಾಯ್ರೆ. ಗುಳ್ಳೆ ವಿಷಯ ಆಮೇಲೆ ಮಾತಾಡೋಣ. ಹಿಡಿದುಕೊಂಡಿರುವ ಬ್ರೇಕ್ ಇಟ್ಟುಕೊಂಡು ಆಗುಂಬೆ ಘಾಟಿ ಇಳಿದರೆ ಆ ಬಿಸಿಗೆ ಬ್ರೇಕ್ ಆಯಿಲ್ ಕುದಿಯುತ್ತದೆ, ಆವಿ ತುಂಬಿಕೊಂಡು ಪೆಡಲ್ ನೆಲಕ್ಕೆ ಹೋಗುತ್ತದೆ. ಅದು ತಿರುವಿನಲ್ಲಿ ಗೊತ್ತಾಗುವುದು ಬೇಡ.

ಈಗ ಹೀಗೆ ಮಾಡಿ. ಎಡಗಡೆ ಜಾಕ್ ಕೊಟ್ಟು ಸ್ಟ್ಯಾಂಡ್ ಇಡಿ, ಬರೀ ಜಾಕ್ ಮೇಲೆ ಕೆಲಸ ಬೇಡ. ಯಾರಾದರೂ ಪೆಡಲ್ ಒತ್ತಿ ಬಿಡಲಿ, ನೀವು ಚಕ್ರ ಕೈಯಲ್ಲಿ ತಿರುಗಿಸಿ. ಬಿಗಿ ಇದ್ದರೆ ಕ್ಯಾಲಿಪರಿನ ಬ್ಲೀಡರ್ ನಿಪ್ಪಲ್ (ಗಾಳಿ ಬಿಡುವ ತಿರುಪು) ಅರ್ಧ ಸುತ್ತು ಸಡಿಲ ಮಾಡಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಒಳಗೇ ಸಿಕ್ಕಿಕೊಂಡಿದೆ ಅಂತ, ಆಗ ರಬ್ಬರ್ ಹೋಸ್ ಒಳಗೆ ಊದಿಕೊಂಡಿದೆಯಾ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ವಾಪಸ್ ಬರುತ್ತಿದೆಯಾ ನೋಡಬೇಕು. ನಿಪ್ಪಲ್ ಸಡಿಲ ಮಾಡಿದ ಮೇಲೂ ಬಿಗಿಯಾಗೇ ಇದ್ದರೆ ತೊಂದರೆ ಕ್ಯಾಲಿಪರಿನಲ್ಲೇ. ಪಿನ್, ಪ್ಯಾಡ್, ಪಿಸ್ಟನ್, ಈ ಮೂರರಲ್ಲಿ ಒಂದು.

ಇನ್ನೊಂದು, ಕೋಟ್ ಹಾಕುವಾಗ ಎಲ್ಲೆಲ್ಲಿ ಮುಚ್ಚಿದ್ದಿರಿ, ಏತರಿಂದ? ಒರೆಸಿದ್ದು ಯಾವುದರಲ್ಲಿ?

ಘಾಟಿರಸ್ತೆ:
ಅಣ್ಣ, ನೋಡಿದೆ. ನಿಪ್ಪಲ್ ಬಿಟ್ಟರೂ ಬಿಗಿಯೇ. ಪಿನ್ ಎರಡೂ ಬೆರಳಲ್ಲಿ ತಳ್ಳಿದರೆ ಸಲೀಸಾಗಿ ಜಾರುತ್ತವೆ. ಪಿಸ್ಟನ್ ಬೋರ್ (ಪಿಸ್ಟನ್ ಕೂರುವ ತೂತು), ಪಿನ್ ತೂತು, ಹೋಸ್ ಹಿಡಿಯುವ ಬ್ಯಾಂಜೋ ಬೋಲ್ಟ್ ಕೂರುವ ಜಾಗಕ್ಕೆ ಪೇಂಟ್ ಅಂಗಡಿಯ ಮಾಸ್ಕಿಂಗ್ ಟೇಪ್ ಹಾಕಿದ್ದೆ. ಲೋಹ ಒರೆಸಿದ್ದು ಥಿನ್ನರಿನಲ್ಲಿ, ರಬ್ಬರಿಗೆ ಅದು ತಾಗಿಲ್ಲ.

ಹಳೇಸ್ಪ್ಯಾನರ್:
ಟೇಪ್ ಅಂದಾಗಲೇ ಅನುಮಾನ ಬಂತು. ಆ ಕಾಗದದ ಟೇಪ್ ಅಷ್ಟು ಬಿಸಿ ತಡೆಯುವುದಿಲ್ಲ, ಸುಕ್ಕಾಗಿ ಅಂಚು ಎದ್ದುಬಿಡುತ್ತದೆ, ಕರಗಿದ ಪೌಡರ್ ಆ ಸಂದಿಯಿಂದ ಒಳಗೆ ಹರಿಯುತ್ತದೆ. ಬಿಸಿ ತಡೆಯುವ ಹಸಿರು ಪಾಲಿಯೆಸ್ಟರ್ ಟೇಪ್ ಮತ್ತು ಸಿಲಿಕಾನ್ ಬಿರಡೆ ಸಿಗುತ್ತವೆ, ಅವೇ ಬೇಕು.

ಈಗ ಎರಡು ಜಾಗ ನೋಡಿ. ಒಂದು, ಬ್ರಾಕೆಟಿನಲ್ಲಿ ಪ್ಯಾಡಿನ ಕಿವಿ ಕೂರುವ ಗಾಡಿ, ಅಂದರೆ ಕೊರೆದ ತೋಡು. ಅಲ್ಲಿಗೂ ಬಣ್ಣ ಹೋಗಿದ್ದರೆ ಸ್ಟೀಲ್ ಕ್ಲಿಪ್ ಪೂರ್ತಿ ಕೂರಲ್ಲ, ಪ್ಯಾಡ್ ಬಿಗಿಯಾಗುತ್ತದೆ. ಪ್ಯಾಡ್ ಕೈಯಲ್ಲೇ ಹಾಕಿ ಕೈಯಲ್ಲೇ ತೆಗೆಯುವ ಹಾಗಿರಬೇಕು, ಸುತ್ತಿಗೆ ಕೇಳಬಾರದು.

ಎರಡನೇದು ಸೀಲ್ ಗಾಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಸೀಲ್ ಇರುವುದು ಆಯಿಲ್ ಸೋರದ ಹಾಗೆ ತಡೆಯಲು ಮಾತ್ರ ಅಂದುಕೊಂಡಿರುತ್ತಾರೆ. ಆ ರಬ್ಬರನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಚೌಕ. ಪೆಡಲ್ ಒತ್ತಿದಾಗ ಪಿಸ್ಟನ್ ಮುಂದೆ ಬರುತ್ತದೆ, ಸೀಲಿನ ಒಳ ಅಂಚು ಅದನ್ನು ಕಚ್ಚಿಕೊಂಡೇ ಮುಂದಕ್ಕೆ ಬಾಗುತ್ತದೆ. ಪೆಡಲ್ ಬಿಟ್ಟಾಗ ಬಾಗಿದ ರಬ್ಬರ್ ನೆಟ್ಟಗಾಗಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ನಿಮ್ಮ ಕ್ಯಾಲಿಪರಿನಲ್ಲಿ ಪಿಸ್ಟನ್ ಎಳೆಯಲು ಬೇರೆ ಸ್ಪ್ರಿಂಗ್ ಇಲ್ಲ, ಇದೊಂದೇ ರಬ್ಬರ್. ಅದು ಬಾಗಲಿ ಅಂತಲೇ ಗಾಡಿಯ ಅಂಚನ್ನು ಸ್ವಲ್ಪ ಓರೆ ಕಡಿದಿರುತ್ತಾರೆ. ಆ ಓರೆ ಜಾಗದಲ್ಲಿ ಪೌಡರ್ ತುಂಬಿದರೆ ಸೀಲಿಗೆ ಬಾಗಲು ಜಾಗವಿಲ್ಲ, ಪಿಸ್ಟನ್ ಸೀಲಿನೊಳಗೆ ಜಾರಿ ಮುಂದೆ ಬರುತ್ತದೆ, ವಾಪಸ್ ಹೋಗಲ್ಲ. ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ.

ಬಿಚ್ಚುವಾಗ ಹೋಸ್ ಮೊದಲೇ ಕಳಚಬೇಡಿ. ಕ್ಯಾಲಿಪರ್ ಬಾಯಿಗೆ ಮರದ ತುಂಡು ಕೊಟ್ಟು ಪೆಡಲನ್ನೇ ನಿಧಾನ ಒತ್ತಿ ಪಿಸ್ಟನ್ ಹೊರಗೆ ತನ್ನಿ. ಕಂಪ್ರೆಸರ್ ಗಾಳಿಯಲ್ಲಿ ಹೊಡೆದರೆ ಪಿಸ್ಟನ್ ಗುಂಡಿನ ಹಾಗೆ ಹಾರುತ್ತದೆ, ಬೆರಳು ಹೋಗುತ್ತದೆ. ಕ್ಯಾಲಿಪರನ್ನು ಹೋಸ್ ಮೇಲೆ ನೇತಾಡಿಸಬೇಡಿ, ತಂತಿಯಲ್ಲಿ ಕಟ್ಟಿ.

ತುಂಗಾತೀರ:
ನಡುವೆ ಬಾಯಿ ಹಾಕುತ್ತಿದ್ದೇನೆ, ಗುಳ್ಳೆ ಬಗ್ಗೆ. ನಾನು ಗೇಟು, ಗ್ರಿಲ್ಲಿಗೆ ಪೌಡರ್ ಹಾಕುವ ಕೆಲಸದಲ್ಲಿದ್ದೇನೆ. ಶೀಟಿಗೆ ಈ ತೊಂದರೆ ಬರುವುದು ಕಡಿಮೆ, ಬೀಡು ಕಬ್ಬಿಣಕ್ಕೆ ಆಗಾಗ ಬರುತ್ತದೆ. ಎರಕದ ಲೋಹದಲ್ಲಿ ಕಣ್ಣಿಗೆ ಕಾಣದ ಸಣ್ಣ ತೂತುಗಳು, ಅದರೊಳಗೆ ವರ್ಷಗಟ್ಟಲೆ ಇಳಿದ ಎಣ್ಣೆ, ಗಾಳಿ, ತೇವ. ಸ್ಯಾಂಡ್ ಬ್ಲಾಸ್ಟ್ ಮೇಲಿನದನ್ನು ಮಾತ್ರ ಕೀಳುತ್ತದೆ. ಓವನ್ನಿನಲ್ಲಿ ಪೌಡರ್ ಕರಗಿ ಗಟ್ಟಿಯಾಗುವ ಹೊತ್ತಿಗೆ ಒಳಗಿನ ಅನಿಲ ಹೊರಗೆ ಬರುತ್ತದೆ, ಅದೇ ಗುಳ್ಳೆ. ಆ ಸೂಜಿ ತೂತನ್ನು ಹಾಗೇ ಬಿಟ್ಟರೆ ನಮ್ಮ ಮಳೆಗೆ ಬಣ್ಣದ ಅಡಿಯಲ್ಲೇ ತುಕ್ಕು ಓಡುತ್ತದೆ, ಆಮೇಲೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.

ಬಣ್ಣ ಕಿತ್ತು, ಬರೀ ಲೋಹವನ್ನು ಓವನ್ನಿನಲ್ಲಿ ಒಂದು ಗಂಟೆ ಕಾಯಿಸಿ. ಪೌಡರ್ ಬೇಯಿಸುವ ಬಿಸಿಗಿಂತ ಸ್ವಲ್ಪ ಜಾಸ್ತಿ, 220ರ ಹತ್ತಿರ. ಹೊರಗೆ ತೆಗೆದಾಗ ಕಪ್ಪು ಕಪ್ಪಾಗಿ ಎಣ್ಣೆ ಬೆವರಿರುತ್ತದೆ. ಆರಿದ ಮೇಲೆ ಒರೆಸಿ, ಮತ್ತೆ ಕಾಯಿಸಿ, ಬೆವರುವುದು ನಿಲ್ಲುವ ತನಕ. ಬ್ರೇಕ್ ಕ್ಲೀನರ್ ಹೊಡೆದಿದ್ದರೆ ಪೂರ್ತಿ ಒಣಗದೆ ಓವನ್ನಿಗೆ ಇಡಲೇಬೇಡಿ. ಕ್ಲೋರಿನ್ ಇರುವ ಕ್ಲೀನರ್ ಬಿಸಿಗೆ ಫಾಸ್ಜೀನ್ ಅನ್ನುವ ವಿಷದ ಅನಿಲವಾಗುತ್ತದೆ. ಕಿಟಕಿ ಬಾಗಿಲು ತೆಗೆದಿಡಿ.

20 ನಿಮಿಷದ ಲೆಕ್ಕ ಶುರುವಾಗುವುದು ಲೋಹ ಬಿಸಿಯಾದ ಮೇಲೆ, ಓವನ್ ಬಿಸಿಯಾದ ಮೇಲಲ್ಲ. ಕ್ಯಾಲಿಪರ್ ದಪ್ಪ ಗಟ್ಟಿ, ನಿಧಾನ ಕಾಯುತ್ತದೆ. ಬಿಸಿ ಅಳೆಯುವ ಗನ್ ಇದ್ದರೆ ಲೋಹಕ್ಕೇ ಹಿಡಿದು ನೋಡಿ. ಬೆಂದಿದೆಯಾ ಅಂತ ಅನುಮಾನ ಇದ್ದರೆ ಆರಿದ ಮೇಲೆ ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಉಜ್ಜಿ. ಬಟ್ಟೆಗೆ ಬಣ್ಣ ಚೆನ್ನಾಗಿ ಹತ್ತಿದರೆ ಇನ್ನೂ ಬೆಂದಿಲ್ಲ, ಮತ್ತೆ ಒಳಗಿಡಿ.

ಈಗ ಆರಿದ್ರಾ ಮಳೆ ಹಿಡಿದಿದೆ ಬೇರೆ. ಪೌಡರ್ ಡಬ್ಬ ತೆರೆದಿಟ್ಟರೆ ಗಂಟಾಗುತ್ತದೆ, ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ನಿಲ್ಲುತ್ತದೆ. ಟ್ಯಾಂಕ್ ಅಡಿಯ ಕೊಳಾಯಿ ತೆಗೆದು ನೀರು ಬಿಡಿ, ಲೈನಿಗೆ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿ.

ಕಾಡುಕೋಳಿ:
ನಾನು ಹೊಸನಗರ ಕಡೆಯವನು. ನಮ್ಮನೆಯಲ್ಲಿ ಅಡಿಕೆ ಒಣಗಿಸೋ ಡ್ರೈಯರ್ ಇದೆ, ಅದರಲ್ಲೇ ಬೇಯಿಸಬಹುದಾ?

ತುಂಗಾತೀರ:
ಆಗಲ್ಲ. ಅದರ ಬಿಸಿ ಪೌಡರ್ ಕರಗುವುದಕ್ಕೂ ಸಾಲದು. ಅಲ್ಲದೆ ತಿನ್ನುವ ವಸ್ತು ಒಣಗಿಸುವ ಜಾಗಕ್ಕೆ ಪೌಡರ್ ಹೊಗೆ ಹೋಗಲೇಬಾರದು. ಓವನ್ ಇಲ್ಲದಿದ್ದರೆ ಬಿಸಿ ತಡೆಯುವ ಕ್ಯಾಲಿಪರ್ ಪೇಂಟ್ ಬ್ರಷ್ಷಿನಲ್ಲಿ ಹಚ್ಚಿ, ಅದೂ ಬಾಳಿಕೆ ಬರುತ್ತದೆ.

ಘಾಟಿರಸ್ತೆ:
ಬಿಚ್ಚಿದೆ. ಅಣ್ಣ ಹೇಳಿದ ಹಾಗೇ ಇದೆ. ಸೀಲ್ ಗಾಡಿಯ ಅಂಚಿನಲ್ಲಿ ಒಂದು ಕಡೆ ಕೆಂಪು ಗೆರೆ, ಉಗುರಿಗೆ ಸಿಗುವಷ್ಟು ದಪ್ಪ. ಪ್ಯಾಡ್ ಗಾಡಿಯಲ್ಲೂ ಬಣ್ಣ ಇದೆ. ಇದನ್ನು ಸ್ಕ್ರೂ ಡ್ರೈವರಿನಲ್ಲಿ ಕೆರೆಯಲಾ? ಪಿಸ್ಟನ್ ಮೇಲೆ ಹೊರ ಅಂಚಿನ ಹತ್ತಿರ ತುಕ್ಕಿನ ಎರಡು ಚುಕ್ಕೆ ಕಾಣುತ್ತಿದೆ, ಅದು ಪರವಾಗಿಲ್ವಾ?

ಹಳೇಸ್ಪ್ಯಾನರ್:
ಗಾಡಿಗೆ ಸ್ಟೀಲ್ ತಾಗಿಸಬೇಡಿ. ಹೇಗೂ ಪೂರ್ತಿ ಬಣ್ಣ ಕೀಳಬೇಕಲ್ಲ, ಪೇಂಟ್ ರಿಮೂವರ್ ಹಚ್ಚಿ ಬಿಡಿ, ಕೈಗವಸು ಹಾಕಿಕೊಂಡು. ಮೆತ್ತಗಾದ ಮೇಲೆ ಬಿದಿರು ಕಡ್ಡಿ ಚೂಪು ಮಾಡಿ ಗಾಡಿಯ ಸುತ್ತ ಎಳೆಯಿರಿ, ಸಿಪ್ಪೆ ಹಾಗೆ ಬರುತ್ತದೆ. ಚೆನ್ನಾಗಿ ತೊಳೆದು, ಆಯಿಲ್ ಬರುವ ತೂತಿನ ಮೂಲಕ ಗಾಳಿ ಹಾಯಿಸಿ. ಒಂದು ಕಣ ಬ್ಲಾಸ್ಟಿಂಗ್ ಮರಳು ಉಳಿದರೂ ಅದು ಸೀಲ್ ಹರಿಯುತ್ತದೆ.

ಪಿಸ್ಟನ್ ವಿಷಯದಲ್ಲಿ, ಚುಕ್ಕೆ ಎಲ್ಲಿದೆ ಅನ್ನುವುದು ಮುಖ್ಯ. ಸೀಲ್ ಹಿಡಿಯುವುದು ಪಿಸ್ಟನ್ನಿನ ಮೈಯನ್ನು. ಡಸ್ಟ್ ಬೂಟ್ (ಧೂಳು ತಡೆಯುವ ರಬ್ಬರ್) ಕೂರುವ ಗಾಡಿಗಿಂತ ಆಚೆ, ಹೊರಗೆ ಇದ್ದರೆ ತೊಂದರೆ ಇಲ್ಲ. ಅದಕ್ಕಿಂತ ಒಳಗೆ, ಉಗುರು ಎಳೆದಾಗ ಸಿಕ್ಕಿಕೊಳ್ಳುವ ಗುಳಿ ಇದ್ದರೆ ಪಿಸ್ಟನ್ ಬದಲಾಯಿಸಿ. ಎಮರಿ ಪೇಪರಿನಲ್ಲಿ ಉಜ್ಜಬೇಡಿ, ಮೇಲಿನ ಕ್ರೋಮ್ ಹೋದರೆ ಮುಂದಿನ ಮಳೆಗಾಲಕ್ಕೆ ಪೂರ್ತಿ ತುಕ್ಕು.

ಮತ್ತೆ ಕೋಟ್ ಹಾಕುವಾಗ ಬರಿಯಾಗಿಯೇ ಇರಬೇಕಾದ ಜಾಗ: ಬೋರ್ ಮತ್ತು ಅದರ ಎರಡೂ ಗಾಡಿ, ಪಿನ್ ತೂತು, ಪ್ಯಾಡ್ ಗಾಡಿ, ನಿಪ್ಪಲ್ಲಿನ ಮರೆ (ತಿರುಪಿನ ಸುತ್ತುಗೆರೆ), ತಾಮ್ರದ ವಾಷರ್ ಕೂರುವ ಮುಖ. ಬ್ರಾಕೆಟ್ ಬೋಲ್ಟ್ ಕೂರುವ ಮುಖವನ್ನು ಎಲ್ಲರೂ ಮರೆಯುತ್ತಾರೆ. ಬೋಲ್ಟ್ ಅಡಿಯಲ್ಲಿ ಬಣ್ಣ ಇದ್ದರೆ ಎಷ್ಟು ಬಿಗಿ ಮಾಡಿದರೂ ಬಿಸಿಗೆ ಬಣ್ಣ ಚಪ್ಪಟೆಯಾಗಿ ಬೋಲ್ಟ್ ಸಡಿಲ ಬೀಳುತ್ತದೆ.

ಈ ಸಲವೂ ಸೀಲ್ ಹೊಸದೇ ಹಾಕಿ. ಪಿಸ್ಟನ್ನಿಗೆ ಬ್ರೇಕ್ ಆಯಿಲ್ ಸವರಿ ಕೂರಿಸಿ, ಪಿನ್ನಿಗೆ ಸಿಲಿಕಾನ್ ಗ್ರೀಸ್. ಎಂಜಿನ್ ಆಯಿಲ್, ಪೆಟ್ರೋಲ್, ಸಾದಾ ಗ್ರೀಸ್ ತಾಗಿದರೆ ಆ ರಬ್ಬರ್ ಊದಿಕೊಳ್ಳುತ್ತದೆ.

ಘಾಟಿರಸ್ತೆ:
ಕೆಲಸ ಮುಗಿಯಿತು. ಮೊದಲ ಸಲ ಕಾಯಿಸಿದಾಗ ನಿಜಕ್ಕೂ ಎಣ್ಣೆ ಬೆವರಿತ್ತು, ಎರಡನೇ ಸಲಕ್ಕೆ ನಿಂತಿತು. ಬೇಯುವ ಮಧ್ಯೆ ಕರೆಂಟ್ ಹೋಗಿತ್ತು, ಬಂದ ಮೇಲೆ ಮತ್ತೆ ಕಾಯಿಸಿದೆ, ಥಿನ್ನರ್ ಬಟ್ಟೆಗೆ ಬಣ್ಣ ಹತ್ತಲಿಲ್ಲ. ಮೈ ನುಣುಪಾಗಿದೆ, ಗುಳ್ಳೆ ಇಲ್ಲ. ಚಕ್ರ ಪೆಡಲ್ ಬಿಟ್ಟ ಕೂಡಲೇ ಸಲೀಸಾಗಿ ತಿರುಗುತ್ತದೆ. ತುಂಬಾ ಥ್ಯಾಂಕ್ಸ್ ಅಣ್ಣ, ತುಂಗಾತೀರದವರಿಗೂ. ಬಲಗಡೆಯದನ್ನೂ ಬಿಚ್ಚಬೇಕಾ?

ಹಳೇಸ್ಪ್ಯಾನರ್:
ಬಿಚ್ಚಿ. ಅದೇ ಟೇಪ್, ಅದೇ ಓವನ್, ಬಿಸಿಯಾಗಿಲ್ಲ ಅಂದ ಮಾತ್ರಕ್ಕೆ ಸೀಲ್ ಗಾಡಿ ಶುದ್ಧ ಇದೆ ಅಂತಲ್ಲ. ಜೋಡಿಸುವಾಗ ನಿಪ್ಪಲ್ ಮೇಲೆ ಬರಬೇಕು, ಎಡದ್ದು ಬಲದ್ದು ಅದಲುಬದಲಾದರೆ ಅದು ಕೆಳಗೆ ಹೋಗಿ ಗಾಳಿ ಹೊರಗೆ ಬರಲ್ಲ. ತಾಮ್ರದ ವಾಷರ್ ಹೊಸದು ಹಾಕಿ, ಬೋಲ್ಟ್ ಬಿಗಿ ಕಾರಿನ ಮ್ಯಾನುಯಲ್ಲಿನಲ್ಲಿರುವ ಲೆಕ್ಕಕ್ಕೇ. ಮೊದಲು ಊರೊಳಗೆ ಸಪಾಟು ರಸ್ತೆಯಲ್ಲಿ ಓಡಿಸಿ, ನಿಲ್ಲಿಸಿ ಎರಡೂ ಚಕ್ರದ ಬಿಸಿ ಹೋಲಿಸಿ, ಹೋಸ್ ಬುಡದಲ್ಲಿ ಆಯಿಲ್ ಜಿನುಗಿದೆಯಾ ನೋಡಿ, ಆಮೇಲೆ ಘಾಟಿ.